ನೇಣು ಬಿಗಿದರೆ ಮುಗಿಯಿತೇ?

ಅತ್ಯಾಚಾರದ ಸುದ್ದಿ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: "ಅಂಥವರನ್ನು ನಡುಬೀದಿಯಲ್ಲಿ ನೇಣಿಗೆ ಹಾಕಬೇಕು." ಸಿಟ್ಟು ನನಗೂ ಬರುತ್ತದೆ. ಆದರೆ ಆ ಹಗ್ಗ ಯಾರ ಕೊರಳಿಗೆ ಎಂದು ಯೋಚಿಸಿದ್ದೀರಾ? ಆರೋಪಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಹೆಣ್ಣಿಗೆ ಗೊತ್ತಿದ್ದವರೇ ಎಂದು ಸರ್ಕಾರದ ಅಪರಾಧ ದಾಖಲೆಗಳೇ ಹೇಳುತ್ತವೆ. ನೆರೆಯವನು, ಭಾವ, ಚಿಕ್ಕಪ್ಪ. 2019ರಲ್ಲಿ ಪೋಕ್ಸೋ ಕಾಯ್ದೆಯ ಘೋರ ಪ್ರಕರಣಗಳಿಗೂ ಮರಣದಂಡನೆ ಸೇರಿಸಿದರು. ಚಿಕ್ಕಪ್ಪನ ಪ್ರಾಣವೇ ಹೋಗುತ್ತದೆಂದರೆ ಮನೆಯವರು ಮೊದಲು ಮುಚ್ಚಿಸುವುದು ಆ ಮಗುವಿನ ಬಾಯನ್ನು. ಅಜ್ಜಿಯೇ ಮುಂದೆ ನಿಂತು ಮುಚ್ಚಿಸುತ್ತಾಳೆ. ನಮ್ಮ ಮನೆಗಳು ನಮಗೆ ಗೊತ್ತಿಲ್ಲವೇ?

ಶಿಕ್ಷೆಯ ಉಗ್ರತೆಗಿಂತ ಅದು ತಪ್ಪದು ಎಂಬ ಖಾತ್ರಿಯೇ ಅಪರಾಧವನ್ನು ತಡೆಯುತ್ತದೆ ಎಂದು ಇಟಲಿಯ ಬೆಕಾರಿಯಾ 1764ರಲ್ಲೇ ಬರೆದ. 2013ರಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿಯೂ ಅತ್ಯಾಚಾರಕ್ಕೆ ಮರಣದಂಡನೆ ಬೇಡವೆಂದಿತು. ದೂರು ಬರೆದುಕೊಳ್ಳದ ಪೊಲೀಸರಿಗೆ ಶಿಕ್ಷೆಯಾಗಲಿ ಎಂದಿತು. ಕೇಳಿದವರಾರು? ದೆಹಲಿ ಪ್ರಕರಣದ ನಾಲ್ವರನ್ನು 2020ರಲ್ಲಿ ಗಲ್ಲಿಗೇರಿಸಿದರು. 2022ರಲ್ಲಿ ದಾಖಲಾದ ಅತ್ಯಾಚಾರಗಳು 31,516. ಆ ವರ್ಷ ವಿಚಾರಣೆ ಮುಗಿದವುಗಳಲ್ಲಿ ಮೂರರಲ್ಲಿ ಒಂದಕ್ಕೂ ಶಿಕ್ಷೆಯಾಗಲಿಲ್ಲ.

ಹಗ್ಗಕ್ಕೆ ಖರ್ಚು ಕಡಿಮೆ ನೋಡಿ! ಪ್ರಯೋಗಾಲಯ, ನ್ಯಾಯಾಧೀಶರು, ಮಹಿಳಾ ಪೊಲೀಸರು ಎಂದರೆ ದುಡ್ಡು ಬೇಕು. ನನ್ನ ಏಳನೇ ತರಗತಿಯ ಹುಡುಗಿ ಬಾಯಿಬಿಟ್ಟ ದಿನ, ಅವಳನ್ನು ಗದರದೆ ದೂರು ಬರೆದುಕೊಳ್ಳಲು ಠಾಣೆಯಲ್ಲಿ ಒಬ್ಬ ಹೆಂಗಸಿರಲಿ. ಮೊದಲು ಅದನ್ನು ಕೊಡಲಿ, ಆಮೇಲೆ ಹಗ್ಗದ ಮಾತಾಡೋಣ.