ಮೊಮ್ಮಗು ವಿಮಾನದಲ್ಲಿ ಬರುತ್ತಿದೆಯೇ?

"ಡಾಕ್ಟ್ರೇ, ಮಗುವಿಗೆ ಈಗ ಮೂರು ತಿಂಗಳು. ವಿಮಾನದಲ್ಲಿ ಕರೆದುಕೊಂಡು ಬರಬಹುದೇ? ಕಿವಿಗೆ ಏನೂ ಆಗುವುದಿಲ್ಲ ತಾನೇ?" ಎಂದು ಕೇಳುವವರು ಈಚೆಗೆ ಹೆಚ್ಚುತ್ತಿದ್ದಾರೆ. ಕೇಳುವವರಲ್ಲಿ ಅಪ್ಪ ಅಮ್ಮಂದಿರಿಗಿಂತ ಅಜ್ಜ ಅಜ್ಜಿಯರೇ ಹೆಚ್ಚು. ಮಗನೋ ಮಗಳೋ ದೆಹಲಿಯಲ್ಲೋ ದುಬೈಯಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಬಾಣಂತನ ಅಲ್ಲಿಯೇ ಮುಗಿದಿರುತ್ತದೆ. ಈಗ ಕೂಸನ್ನು ಊರಿಗೆ ಕರೆತಂದು ಮನೆದೇವರ ದರ್ಶನ ಮಾಡಿಸಬೇಕು, ಹಾಸಿಗೆ ಹಿಡಿದಿರುವ ಮುತ್ತಜ್ಜಿಯ ಮಡಿಲಲ್ಲಿ ಒಮ್ಮೆ ಮಲಗಿಸಬೇಕು. ಇದು ನ್ಯಾಯವಾದ ಆಸೆಯೇ. ಬೇಡವೆನ್ನಲು ನಾನು ಯಾರು?

ಆದರೆ ನಾನು ಅವರಿಗೆ ಹೇಳುವ ಉತ್ತರ ಅವರು ನಿರೀಕ್ಷಿಸಿದ್ದಲ್ಲ. ವಿಮಾನಕ್ಕೆ ಅಷ್ಟೊಂದು ಹೆದರಬೇಡಿ, ವಿಮಾನ ಇಳಿದ ಮೇಲೆ ನಮ್ಮ ನಿಮ್ಮ ಮನೆಗಳಲ್ಲಿ ನಡೆಯುವುದಕ್ಕೆ ಸ್ವಲ್ಪ ಹೆದರಿ ಎನ್ನುತ್ತೇನೆ. ಹಾಗಾಗಿ ಈ ವಾರದ ಬರಹ ವಿಮಾನ ಹತ್ತುವವರಿಗಿಂತ ಹೆಚ್ಚಾಗಿ ನಿಲ್ದಾಣದಲ್ಲಿ ಹೂವಿನ ಹಾರ ಹಿಡಿದು ಕಾಯುವವರಿಗಾಗಿ.

ಮೊದಲು ವಿಮಾನದ ಮಾತನ್ನು ಮುಗಿಸೋಣ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ, ಊಟಿ ಏಳು ಸಾವಿರ ಅಡಿಗೂ ಮೇಲೆ. ಊಟಿಯಲ್ಲಿ ಮಕ್ಕಳು ಹುಟ್ಟಿ ಬೆಳೆಯುತ್ತಿಲ್ಲವೇ? ತಿಂಗಳು ತುಂಬಿ ಹುಟ್ಟಿದ, ಚೆನ್ನಾಗಿ ಹಾಲು ಕುಡಿಯುವ ಆರೋಗ್ಯವಂತ ಮಗುವಿಗೆ ಈ ಎತ್ತರ ತೊಂದರೆ ಕೊಡುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ, ಹೃದಯದ ದೋಷವಿರುವ, ಶ್ವಾಸಕೋಶದ ಕಾಯಿಲೆಯಿದ್ದ ಅಥವಾ ತೀವ್ರ ರಕ್ತಹೀನತೆಯಿರುವ ಮಕ್ಕಳ ಮಾತು ಬೇರೆ. ಅವರ ವಿಷಯದಲ್ಲಿ ಟಿಕೆಟ್ ತೆಗೆಯುವ ಮೊದಲೇ ಮಕ್ಕಳ ವೈದ್ಯರನ್ನು ಕೇಳಬೇಕು.

ಇನ್ನು ಕಿವಿ. ವಿಮಾನ ಏರುವಾಗಿಗಿಂತ ಇಳಿಯುವಾಗ ಕಿವಿ ಹೆಚ್ಚು ನೋಯುತ್ತದೆ. ಗಂಟಲಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಒಂದು ಸಣ್ಣ ಕೊಳವೆಯಿದೆ. ನುಂಗಿದಾಗ ಅದು ತೆರೆದು ಒಳಗಿನ ಹೊರಗಿನ ಒತ್ತಡ ಸಮವಾಗುತ್ತದೆ. ಮಕ್ಕಳಲ್ಲಿ ಈ ಕೊಳವೆ ಕಿರಿದು. ಆದ್ದರಿಂದ ವಿಮಾನ ಕೆಳಗಿಳಿಯಲು ತೊಡಗಿದಾಗ, ಎಂದರೆ ನೆಲ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲಿನಿಂದ, ಮಗುವಿಗೆ ಎದೆಹಾಲು ಕೊಡಿ. ಬಾಟಲಿ ಹಾಲಿನ ಮಗುವಾದರೆ ಬಾಟಲಿ ಕೊಡಿ. ಏರುವಾಗಲೇ ಹೊಟ್ಟೆ ತುಂಬಿಸಿಬಿಟ್ಟರೆ ಇಳಿಯುವಾಗ ಅದು ಕುಡಿಯುವುದಿಲ್ಲ ಎಂಬುದು ನೆನಪಿರಲಿ. ಅಳುವಾಗಲೂ ಆ ಕೊಳವೆ ತೆರೆದುಕೊಳ್ಳುತ್ತದೆ. ಅಕ್ಕಪಕ್ಕದವರು ಮುಖ ಸಿಂಡರಿಸಿದರೆ ಸಿಂಡರಿಸಲಿ ಬಿಡಿ, ಅವರೂ ಒಂದು ಕಾಲದಲ್ಲಿ ಅತ್ತವರೇ. ಆದರೆ ಮೂಗು ಪೂರ್ತಿ ಕಟ್ಟಿದ್ದರೆ, ಕಿವಿ ಸೋರುತ್ತಿದ್ದರೆ, ಜ್ವರವಿದ್ದರೆ ಪ್ರಯಾಣ ಮುಂದೂಡುವುದೇ ಒಳ್ಳೆಯದು.

ಒಂದು ವಿಷಯದಲ್ಲಿ ಮಾತ್ರ ನಾನು ಕಟುವಾಗಿಯೇ ಹೇಳಬೇಕಾಗಿದೆ. "ದಾರಿಯುದ್ದಕ್ಕೂ ನಿದ್ದೆ ಮಾಡಲು ಒಂದು ಸಿರಪ್ ಬರೆದುಕೊಡಿ" ಎಂದು ಕೇಳುವವರಿದ್ದಾರೆ. ಯಾರನ್ನೂ ಕೇಳದೆ ಅಂಗಡಿಯಿಂದ ನೆಗಡಿ ಔಷಧಿ ತಂದು ಕುಡಿಸುವವರೂ ಇದ್ದಾರೆ. ಇಂಥ ಔಷಧಿಗಳು ಎಳೆಯ ಮಗುವಿನ ಉಸಿರಾಟವನ್ನೇ ಕುಗ್ಗಿಸಬಲ್ಲವು. ಪ್ರೊಮೆಥಜಿನ್ ಎಂಬ ಔಷಧಿಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2004ರಲ್ಲೇ ಎಚ್ಚರಿಸಿದರು. ನಮ್ಮಲ್ಲಿಯೂ 2023ರ ಡಿಸೆಂಬರಿನಲ್ಲಿ, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂಬ ಸೂಚನೆ ಹೊರಬಿದ್ದಿದೆ. ಹತ್ತು ಗಂಟೆಯ ನೆಮ್ಮದಿಗಾಗಿ ಇಂಥ ಕೆಲಸಕ್ಕೆ ಕೈಹಾಕಬೇಡಿ.

ಮಗುವಿನ ಹಾಲು, ಆಹಾರಗಳಿಗೆ ವಿಮಾನ ನಿಲ್ದಾಣದ ನೂರು ಮಿಲಿಲೀಟರಿನ ಕಟ್ಟುಪಾಡಿನಿಂದ ರಿಯಾಯಿತಿ ಇದೆ. ತಪಾಸಣೆಯವರಿಗೆ ಮೊದಲೇ ತಿಳಿಸಿದರಾಯಿತು. ದೂರದ ವಿಮಾನಗಳಲ್ಲಿ ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲನ್ನು ಟಿಕೆಟ್ ಕಾದಿರಿಸುವಾಗಲೇ ಕೇಳಿಕೊಳ್ಳಬೇಕು.

ಇಷ್ಟೇ. ವಿಮಾನ ಇಳಿಯಿತು. ನಿಜವಾದ ಪ್ರಯಾಣ ಇಲ್ಲಿಂದ ಶುರು.

ಮೂರು ವರ್ಷಗಳ ಹಿಂದಿನ ಮಾತು. ಅಮೆರಿಕದಿಂದ ಬಂದಿದ್ದ ಐದು ತಿಂಗಳ ಗಂಡುಮಗುವನ್ನು ನನ್ನಲ್ಲಿಗೆ ಕರೆತಂದರು. ವಾಂತಿ, ಭೇದಿ, ಕಣ್ಣು ಗುಳಿ ಬಿದ್ದಿತ್ತು, ಬೆಳಗಿನಿಂದ ಮೂತ್ರವಾಗಿರಲಿಲ್ಲ. ಊರಿಗೆ ಬಂದು ಹನ್ನೊಂದು ದಿನವಾಗಿತ್ತಂತೆ. ಆ ಹನ್ನೊಂದು ದಿನಗಳಲ್ಲಿ ಹದಿನಾಲ್ಕು ಮನೆ, ಎರಡು ದೇವಸ್ಥಾನ, ಒಂದು ಮದುವೆ ಆಗಿತ್ತು. ಅಮ್ಮನ ಹಾಲೊಂದನ್ನೇ ಕಂಡಿದ್ದ ಆ ಮಗುವಿನ ಬಾಯಿಗೆ ಒಂದು ಮನೆಯಲ್ಲಿ ಬಜೆ ತೇಯ್ದು ಜೇನುತುಪ್ಪದೊಂದಿಗೆ ನೆಕ್ಕಿಸಿದ್ದರು. ಇನ್ನೊಂದು ಮನೆಯಲ್ಲಿ ಸಕ್ಕರೆ ನೀರು, ದೇವಸ್ಥಾನದಲ್ಲಿ ತೀರ್ಥ. ಮದುವೆ ಮನೆಯಲ್ಲಿ ಅದು ಎಷ್ಟು ಕೈ ಬದಲಾಯಿಸಿತೋ ಲೆಕ್ಕವಿಲ್ಲ. ಎರಡು ರಾತ್ರಿ ಡ್ರಿಪ್ ಹಾಕಿದ ಮೇಲೆ ಮಗು ಚೇತರಿಸಿಕೊಂಡಿತು. ಅಜ್ಜಿ ಮಾತ್ರ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ಕಣ್ಣೊರೆಸಿಕೊಳ್ಳುತ್ತಾ, "ವಿಮಾನದ ಎಸಿ ಗಾಳಿ ತಾಗಿಬಿಟ್ಟಿತು ಡಾಕ್ಟ್ರೇ" ಎಂದು ಹೇಳುತ್ತಲೇ ಇದ್ದರು. ಮಗುವಿನ ತಾಯಿ ಏನೂ ಮಾತನಾಡಲಿಲ್ಲ. ಅವಳ ಮುಖ ನೋಡಿದರೆ, ಹದಿನಾಲ್ಕು ಮನೆಗಳಲ್ಲೂ ಬೇಡವೆನ್ನಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡಿದ್ದಳೆಂದು ತಿಳಿಯುತ್ತಿತ್ತು.

ನನ್ನ ದೂರು ಇರುವುದು ಇಲ್ಲಿ. ಸೊಸೆ ಬೇಡವೆಂದರೆ "ಅಮೆರಿಕದವಳು, ಜಂಬ" ಎನ್ನುತ್ತೇವೆ. ಮಗ ಬೇಡವೆಂದರೆ "ಹೆಂಡತಿ ಹೇಳಿಕೊಟ್ಟಿದ್ದಾಳೆ" ಎನ್ನುತ್ತೇವೆ. ಬೇಡವೆಂದು ಹೇಳಿ ಗೌರವ ಉಳಿಸಿಕೊಳ್ಳಬಲ್ಲವರು ಮನೆಯಲ್ಲಿ ಇಬ್ಬರೇ, ಅಜ್ಜ ಮತ್ತು ಅಜ್ಜಿ. ಆ ಕೆಲಸವನ್ನು ನೀವು ಮಾಡಬೇಕು. ಇದೇನೂ ಹೊಸದಲ್ಲ. ನಿಮ್ಮ ತಾಯಂದಿರ ಕಾಲದಲ್ಲಿ ಬಾಣಂತಿ ಕೋಣೆಗೆ ಯಾರು ಬೇಕಾದರೂ ನುಗ್ಗುವಂತಿರಲಿಲ್ಲ. ಕೈಕಾಲು ತೊಳೆಯದೆ ಕೂಸನ್ನು ಮುಟ್ಟಿದರೆ ಮನೆಯ ಹಿರಿಯರು ಗದರುತ್ತಿದ್ದರು. ದೃಷ್ಟಿ, ಮೈಲಿಗೆ ಎಂದು ಅವರು ಕೊಡುತ್ತಿದ್ದ ಕಾರಣ ಬೇರೆಯಾಗಿರಬಹುದು, ಮಗುವಿಗೆ ಸಿಗುತ್ತಿದ್ದ ರಕ್ಷಣೆ ನಿಜವಾದದ್ದೇ. ಆ ಕಟ್ಟುನಿಟ್ಟನ್ನು ಬಿಟ್ಟು ಬಜೆ, ಜೇನುತುಪ್ಪಗಳನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಒಂದು ವರ್ಷ ತುಂಬುವ ತನಕ ಜೇನುತುಪ್ಪ ಬೇಡವೇ ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನಿಂದ ಎಳೆಯ ಮಕ್ಕಳಿಗೆ ನರಗಳ ಶಕ್ತಿ ಉಡುಗುವ ಅಪಾಯವಿದೆ. ಆರು ತಿಂಗಳವರೆಗೆ ಎದೆಹಾಲಿನ ಹೊರತು ನೀರೂ ಬೇಡ. ತೀರ್ಥವನ್ನು ಮಗುವಿನ ತಲೆಗೆ ಪ್ರೋಕ್ಷಿಸಿದರೆ ದೇವರು ಮುನಿಸಿಕೊಳ್ಳುವುದಿಲ್ಲ.

ಮಗು ಬರುವ ಮೊದಲು ನೀವು ಮಾಡಬೇಕಾದ ಇನ್ನೊಂದು ಕೆಲಸವಿದೆ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮು ಇದ್ದರೆ, ಅದು "ಹಳೆಯ ಕೆಮ್ಮು" ಎಂದು ಸುಮ್ಮನಿರದೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ನಮ್ಮಲ್ಲಿ ಹುಟ್ಟಿದ ಮಕ್ಕಳಿಗೆ ಕ್ಷಯಕ್ಕೆ ಬಿ.ಸಿ.ಜಿ. ಚುಚ್ಚುಮದ್ದು ಹುಟ್ಟಿದಾಗಲೇ ಸಿಗುತ್ತದೆ. ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಎಂದರೆ ನಿಮ್ಮ ಮೊಮ್ಮಗು ಆ ರಕ್ಷಣೆಯಿಲ್ಲದೆಯೇ ನಿಮ್ಮ ಮಡಿಲಿಗೆ ಬರುತ್ತಿದೆ. ನಾಯಿಕೆಮ್ಮೂ ಹೀಗೆಯೇ. ದೊಡ್ಡವರಲ್ಲಿ ಅದು ಬರೀ ಬಿಡದ ಕೆಮ್ಮಾಗಿ ಕಾಣಿಸಿಕೊಂಡು, ಎಳೆಗೂಸಿನಲ್ಲಿ ಉಸಿರೇ ನಿಲ್ಲುವಂತೆ ಮಾಡಬಲ್ಲದು. ಅಜ್ಜ ಅಜ್ಜಿಯರು ಫ್ಲೂ ಲಸಿಕೆ ಮತ್ತು ನಾಯಿಕೆಮ್ಮಿನ ಲಸಿಕೆಯ ಬಗ್ಗೆ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು. ಕೇಳಿದವರಲ್ಲಿ ಹೆಚ್ಚಿನವರು "ಈ ವಯಸ್ಸಿನಲ್ಲಿ ನಮಗೆಂಥ ಲಸಿಕೆ" ಎಂದು ನಗುತ್ತಾರೆ. ಮೊಮ್ಮಗುವಿನ ಹೆಸರು ಹೇಳಿದರೆ ತೋಳು ಮುಂದೆ ಚಾಚುತ್ತಾರೆ.

ಹಾಗಾದರೆ ಯಾವಾಗ ಕರೆತರುವುದು? ತುರ್ತಿಲ್ಲದಿದ್ದರೆ ನಾಲ್ಕು ತಿಂಗಳು ತುಂಬಲಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಪಟ್ಟಿಯಂತೆ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರದ ಲಸಿಕೆಗಳು ಅಷ್ಟರಲ್ಲಿ ಮುಗಿದಿರುತ್ತವೆ. ಅಮೆರಿಕದಲ್ಲಿ ಈ ಲಸಿಕೆಗಳು ಎರಡು, ನಾಲ್ಕು, ಆರು ತಿಂಗಳಿಗೆ ಬೀಳುವುದರಿಂದ ಅಲ್ಲಿನವರು ತಮ್ಮ ವೈದ್ಯರೊಡನೆ ಕುಳಿತು ಲೆಕ್ಕ ಹಾಕಿಕೊಳ್ಳಬೇಕು. ನಾಲ್ಕರಿಂದ ಆರು ತಿಂಗಳ ಮಗು ಅಂಬೆಗಾಲಿಟ್ಟು ಓಡುವುದಿಲ್ಲ, ಅಮ್ಮನ ಹಾಲಲ್ಲದೆ ಬೇರೇನನ್ನೂ ಕೇಳುವುದಿಲ್ಲ. ಪ್ರಯಾಣಕ್ಕೆ ಇದಕ್ಕಿಂತ ಸುಲಭದ ವಯಸ್ಸು ಇನ್ನೊಂದಿಲ್ಲ. ದಡಾರದ ಚುಚ್ಚುಮದ್ದು ನಮ್ಮಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ. ವಿದೇಶ ಪ್ರಯಾಣ ಮಾಡುವ ಆರರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ಅಮೆರಿಕದ ವೈದ್ಯರು ಅದನ್ನು ಮುಂಚಿತವಾಗಿ ಒಮ್ಮೆ ಕೊಡುತ್ತಾರೆ. ಅದು ಹೆಚ್ಚುವರಿ ಡೋಸ್, ಮುಂದಿನ ಎರಡನ್ನು ತಪ್ಪಿಸುವಂತಿಲ್ಲ. ದಡಾರ ಎಲ್ಲಿ ಹೋಯಿತು ಎನ್ನಬೇಡಿ, 2022ರಲ್ಲಿ ಮುಂಬಯಿಯಲ್ಲಿ ಅದು ಮಕ್ಕಳನ್ನು ಬಲಿ ತೆಗೆದುಕೊಂಡಿದೆ.

ಬೆಂಗಳೂರಿನ ನಿಲ್ದಾಣದಿಂದ ಊರಿನವರೆಗಿನ ಕಾರಿನ ಪ್ರಯಾಣದ ಬಗ್ಗೆ ಯಾರೂ ನನ್ನನ್ನು ಕೇಳುವುದಿಲ್ಲ. ದಾವಣಗೆರೆಗೆ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ರಾತ್ರಿ ಎರಡು ಗಂಟೆಗೆ ಇಳಿದ ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಿನಲ್ಲಿ ಕೂರಿಸಿಕೊಂಡು, ನಿದ್ದೆಗಣ್ಣಿನ ಡ್ರೈವರನ ಕೈಯಲ್ಲಿ ಹೊರಡುತ್ತೇವಲ್ಲ, ಆಕಾಶದಲ್ಲಿ ಕಳೆದ ಹದಿನೈದು ಗಂಟೆಗಳಿಗಿಂತ ಈ ಐದು ಗಂಟೆ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಮಕ್ಕಳ ಕಾರ್ ಸೀಟನ್ನು ಅವರು ಅಲ್ಲಿಂದಲೇ ತರಲಿ, ಅದು ಹಿಂದಿನ ಸೀಟಿನಲ್ಲಿರಲಿ. ಸಾಧ್ಯವಾದರೆ ಬೆಳಗಾದ ಮೇಲೆ ಹೊರಡಿ.

ಊರಿಗೆ ಬಂದ ಮೊದಲ ವಾರ ಮಗು ನಡುರಾತ್ರಿ ಎದ್ದು ಆಡುತ್ತದೆ. ನ್ಯೂಯಾರ್ಕಿಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ಅಂತರ. ಹಗಲು ಬೆಳಕಿನಲ್ಲಿ ಓಡಾಡಿಸಿ, ರಾತ್ರಿ ಕತ್ತಲಲ್ಲಿ ಇರಿಸಿ, ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಆ ವಾರ ಯಾರ ಮನೆಗೂ ಹೋಗುವುದು ಬೇಡ. ನೋಡಬೇಕೆನ್ನುವವರು ಇಬ್ಬಿಬ್ಬರಾಗಿ ನಿಮ್ಮ ಮನೆಗೇ ಬರಲಿ, ಬಂದವರು ಸೋಪಿನಿಂದ ಕೈ ತೊಳೆಯಲಿ. ನೆಗಡಿಯಾದವರು ಬಾಗಿಲಿನಿಂದಲೇ ನೋಡಿ ಹರಸಲಿ. ಕೆನ್ನೆಗೆ ಮುತ್ತು ಕೊಡುವ ಬದಲು ಪಾದ ಮುಟ್ಟಲಿ. ತೊಟ್ಟಿಲಿಗೆ ಸೊಳ್ಳೆಪರದೆ ಹಗಲೂ ಇರಲಿ, ಏಕೆಂದರೆ ಡೆಂಗಿಯ ಸೊಳ್ಳೆ ಹಗಲಲ್ಲೇ ಕಚ್ಚುವುದು.

ಇಷ್ಟಾದರೂ ಮಗು ಹಾಲು ಕುಡಿಯದೆ ಮಂಕಾದರೆ, ಎದೆಗೂಡು ಒಳಸೇದುವಂತೆ ಉಸಿರಾಡಿದರೆ, ಆರು ಗಂಟೆ ಕಳೆದರೂ ಮೂತ್ರ ಮಾಡದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೂ ಅಷ್ಟೇ. ಹತ್ತಿರದ ಮಕ್ಕಳ ವೈದ್ಯರ ಫೋನ್ ನಂಬರನ್ನು ಮಗು ಬರುವ ಮೊದಲೇ ಬರೆದಿಟ್ಟುಕೊಳ್ಳಿ. ಭೇದಿಗೆ ಓ.ಆರ್.ಎಸ್. ಪುಡಿಯ ನಾಲ್ಕು ಪೊಟ್ಟಣ ಮನೆಯಲ್ಲಿರಲಿ. ಒಂದು ಪೊಟ್ಟಣಕ್ಕೆ ಎಷ್ಟು ಕುದಿಸಿ ಆರಿಸಿದ ನೀರು ಎಂಬುದು ಅದರ ಮೇಲೆಯೇ ಅಚ್ಚಾಗಿರುತ್ತದೆ, ಕನ್ನಡಕ ಹಾಕಿಕೊಂಡು ಈಗಲೇ ಒಮ್ಮೆ ಓದಿಟ್ಟುಕೊಳ್ಳಿ.