ಇಂದು ಕದ್ದ ಗುಟ್ಟು, ನಾಳೆ ಬಯಲು: ಬೀಗ ಬದಲಿಸಲು ಇದೇ ಕಾಲ

ಬೆಂಗಳೂರು: ಅಮೆರಿಕದ ರಾಷ್ಟ್ರೀಯ ಮಾನದಂಡ ಮತ್ತು ತಂತ್ರಜ್ಞಾನ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಮೂರು ಹೊಸ ಗೂಢಲಿಪಿ ಮಾನದಂಡಗಳನ್ನು ಪ್ರಕಟಿಸಿತು. ಕ್ವಾಂಟಂ ಕಂಪ್ಯೂಟರಿನ ದಾಳಿಯನ್ನೂ ತಾಳಿಕೊಳ್ಳಬೇಕೆಂಬುದು ಇವುಗಳ ಉದ್ದೇಶ. ಆದರೆ ಇಂದಿನ ಬೀಗಗಳನ್ನು ಮುರಿಯಬಲ್ಲಷ್ಟು ದೊಡ್ಡ ಕ್ವಾಂಟಂ ಯಂತ್ರ ಇನ್ನೂ ಬಂದಿಲ್ಲ. ಹಾಗಿದ್ದರೆ ಈ ಅವಸರವೇಕೆ?

ಕಂಪ್ಯೂಟರ್ ಜಾಲದಲ್ಲಿ ಗೂಢಲಿಪಿಯಿಂದ ದೊರೆಯುವ ಸೇವೆಗಳು ಮುಖ್ಯವಾಗಿ ನಾಲ್ಕು. ಮಾಹಿತಿ ಅನ್ಯರಿಗೆ ತಿಳಿಯದಂತೆ ಕಾಯುವ ಗೋಪ್ಯತೆ. ದಾರಿಯಲ್ಲಿ ಅದನ್ನು ಯಾರೂ ತಿದ್ದಿಲ್ಲವೆಂಬ ಖಾತರಿ. ಎದುರಿಗಿರುವವರು ಯಾರೆಂಬ ದೃಢೀಕರಣ. ಕಳುಹಿಸಿದವರು ಮುಂದೆ ‘ನಾನಲ್ಲ’ ಎನ್ನಲಾಗದಂತಹ ಪುರಾವೆ. ಬ್ಯಾಂಕ್ ವ್ಯವಹಾರದಿಂದ ಡಿಜಿಟಲ್ ಸಹಿಯವರೆಗೆ ಎಲ್ಲವೂ ಈ ನಾಲ್ಕನ್ನೇ ನಂಬಿವೆ.

1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ವಿಧಾನದಲ್ಲಿ ಎರಡು ಕೀಲಿಗಳಿವೆ. ಬೀಗ ಹಾಕುವ ಕೀಲಿ ಬಹಿರಂಗ, ತೆರೆಯುವ ಕೀಲಿ ಒಡೆಯನಲ್ಲಿ ಮಾತ್ರ. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧದಿಂದ ಮೂಲ ಸಂಖ್ಯೆಗಳನ್ನು ಕಂಡುಹಿಡಿಯುವುದು ಇಂದಿನ ಕಂಪ್ಯೂಟರುಗಳಿಗೆ ಬಹುತೇಕ ಅಸಾಧ್ಯ ಎಂಬುದೇ ಇದರ ಬಲ. ಸಾಕಷ್ಟು ದೊಡ್ಡ ಕ್ವಾಂಟಂ ಕಂಪ್ಯೂಟರಿಗೆ ಇದು ಕಷ್ಟವಲ್ಲವೆಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲಿಯೇ ತೋರಿಸಿಕೊಟ್ಟರು.

ಅಪಾಯವಿರುವುದು ಇಲ್ಲಿಯೇ. ಇಂದು ಜಾಲದಲ್ಲಿ ಹರಿಯುವ ಗೂಢ ಮಾಹಿತಿಯನ್ನು ಕದ್ದು ಕೂಡಿಟ್ಟವರು ಯಂತ್ರ ಕೈಗೆ ಸಿಕ್ಕ ದಿನ ಅದನ್ನು ತೆರೆಯಬಹುದು. ಕೆಲವೇ ನಿಮಿಷ ಬಾಳುವ ಒಟಿಪಿ ಆಗ ಯಾರಿಗೂ ಬೇಡ. ಆದರೆ ರೋಗಿಯ ವೈದ್ಯಕೀಯ ದಾಖಲೆ, ರಕ್ಷಣಾ ಇಲಾಖೆಯ ಪತ್ರ ದಶಕಗಳ ಕಾಲ ಗುಟ್ಟಾಗಿಯೇ ಉಳಿಯಬೇಕು. ಆದ್ದರಿಂದ ಯಂತ್ರ ಎಂದು ಬರುತ್ತದೆ ಎಂಬುದಕ್ಕಿಂತ, ಗುಟ್ಟು ಎಷ್ಟು ಕಾಲ ಉಳಿಯಬೇಕು ಎಂಬುದೇ ಮುಖ್ಯ.

ಹೊಸ ಬೀಗವೆಂದಾಕ್ಷಣ ಕಣ್ಮುಚ್ಚಿ ನಂಬುವಂತೆಯೂ ಇಲ್ಲ. ಇದೇ ಸಂಸ್ಥೆಯ ಪರಿಶೀಲನೆಯಲ್ಲಿದ್ದ ‘ಸೈಕ್’ ಎಂಬ ವಿಧಾನವನ್ನು 2022ರಲ್ಲಿ ಸಂಶೋಧಕರು ಸಾಮಾನ್ಯ ಕಂಪ್ಯೂಟರಿನಿಂದಲೇ ಸುಮಾರು ಒಂದು ಗಂಟೆಯಲ್ಲಿ ಭೇದಿಸಿದರು. ಬೇಕೆಂದಾಗ ಬೀಗ ಬದಲಿಸಲು ಸಾಧ್ಯವಾಗುವಂತೆ ವ್ಯವಸ್ಥೆಯನ್ನು ರೂಪಿಸಬೇಕೆಂಬುದೇ ಇದರ ಪಾಠ.

ಕೇಂದ್ರ ಸಂಪುಟವು 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೆ ಬಂದಿದೆ. ಯಂತ್ರ ಕಟ್ಟುವ ಉತ್ಸಾಹ ಸ್ವಾಗತಾರ್ಹ. ಆದರೆ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳು ತಮ್ಮಲ್ಲಿ ಹಳೆಯ ಬೀಗ ಎಲ್ಲೆಲ್ಲಿದೆ ಎಂದು ಮೊದಲು ಪಟ್ಟಿ ಮಾಡಬೇಕು. ಅದಕ್ಕೆ ಕ್ವಾಂಟಂ ಯಂತ್ರ ಬೇಕಿಲ್ಲ, ಇಚ್ಛಾಶಕ್ತಿ ಸಾಕು.