ಅಟ್ಟ ಸೇರಿದ ಡಬ್ಬಾ ಟಿವಿ: ಕಾಸು ಕೊಟ್ಟವನಿಗೇ ಕೊಡಬೇಕೇ?



ಇ-ತ್ಯಾಜ್ಯದ ಸುದ್ದಿ ಈಚೆಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದೆ. ಟಿವಿ, ಫ್ರಿಜ್‌ನಂಥ ಹಳೆಯ ಸಾಮಾನನ್ನು ಸಂಸ್ಕರಿಸುವವರಿಗೆ ತಯಾರಕ ಕಂಪನಿಗಳು ಕಿಲೋಗೆ ಕನಿಷ್ಠ 22 ರೂಪಾಯಿ ಕೊಡಬೇಕೆಂದು 2024ರಲ್ಲಿ ದರ ಗೊತ್ತುಮಾಡಲಾಯಿತು. ಅದು ದುಬಾರಿಯಾಯಿತೆಂದು ಎಲ್‌ಜಿ, ಸ್ಯಾಮ್‌ಸಂಗ್ ಮೊದಲಾದ ಕಂಪನಿಗಳು 2025ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ದೊಡ್ಡವರ ವ್ಯಾಜ್ಯ ದೊಡ್ಡ ಕೋರ್ಟಿನಲ್ಲಿ ನಡೆಯಲಿ. ನಮ್ಮ ಸದಸ್ಯರು ಫೋನ್ ಮಾಡಿ ಕೇಳುವುದು ಬೇರೆಯದೇ ಪ್ರಶ್ನೆ: "ಅಟ್ಟದ ಮೇಲಿರೋ ಡಬ್ಬಾ ಟಿವಿ ಏನು ಮಾಡೋದು ಸ್ವಾಮಿ? ಗುಜರಿಯವನು ನೂರು ರೂಪಾಯಿ ಕೊಡ್ತೀನಿ ಅಂತಾನೆ, ಕೊಟ್ಟುಬಿಡಲಾ?"

ಕೊಡಬೇಡಿ ಎನ್ನುವುದು ನನ್ನ ಉತ್ತರ. ಯಾಕೆಂದು ಹೇಳಲು ಸ್ವಲ್ಪ ಜಾಗ ಬೇಕು.

ಗಡಿಭಾಗದ ನಮ್ಮ ಮನೆಗಳಲ್ಲಿ ಈ ಟಿವಿಗಳು ಕಡಿಮೆಯೇನಿಲ್ಲ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾದ ಮೇಲೆ ಗಡಿಯಾಚೆ ಕನ್ನಡ ಕೇಳಿಸಲೆಂದು ಆಂಟೆನಾವನ್ನು ಕರ್ನಾಟಕದ ದಿಕ್ಕಿಗೆ ತಿರುಗಿಸಿ ಟಿವಿ ಕೊಂಡವರು ನಮ್ಮಲ್ಲಿ ಎಷ್ಟೋ ಜನ. ಇನ್ನು ಹೊಸೂರು, ತಾಳವಾಡಿ, ನೀಲಗಿರಿ ಕಡೆ ಸರ್ಕಾರವೇ ಹಂಚಿದ ಟಿವಿಗಳಿವೆ. ತಮಿಳುನಾಡಿನಲ್ಲಿ 2006ರಿಂದ 2011ರವರೆಗೆ ನಡೆದ ಉಚಿತ ಕಲರ್ ಟಿವಿ ಯೋಜನೆಯಲ್ಲಿ 14 ಇಂಚಿನ ಒಂದೂವರೆ ಕೋಟಿಗೂ ಹೆಚ್ಚು ಟಿವಿಗಳು ಮನೆಮನೆಗೆ ಹೋದವು. ಅಷ್ಟೂ ಪಿಕ್ಚರ್ ಟ್ಯೂಬಿನವು. ಹಂಚುವಾಗ ಸಭೆ ಸಮಾರಂಭ ಎಲ್ಲ ಇತ್ತು. ಕೆಟ್ಟ ಮೇಲೆ ಯಾರು ತೆಗೆದುಕೊಂಡು ಹೋಗಬೇಕು ಎಂಬ ಮಾತು ಮಾತ್ರ ಎಲ್ಲೂ ಕೇಳಿಸಲಿಲ್ಲ. ನಮ್ಮ ಇ-ತ್ಯಾಜ್ಯ ನಿಯಮ ಮೊದಲು ಜಾರಿಗೆ ಬಂದದ್ದೇ 2012ರ ಮೇ ತಿಂಗಳಲ್ಲಿ, ಆ ಯೋಜನೆ ಮುಗಿದ ಮೇಲೆ.

ಪಿಕ್ಚರ್ ಟ್ಯೂಬ್ ಎಂದರೆ ಗಾಳಿಯನ್ನೆಲ್ಲ ಹೊರತೆಗೆದ ದಪ್ಪ ಗಾಜಿನ ಬುರುಡೆ. ಮುಂದೆ ಪರದೆ, ಹಿಂದೆ ಲಾಳಿಕೆಯಂಥ ಭಾಗ, ಅದರ ತುದಿಗೆ ಕತ್ತು. ಕಲರ್ ಟಿವಿಯಲ್ಲಿ ಇಪ್ಪತ್ತೈದು ಸಾವಿರ ವೋಲ್ಟಿನ ಆಸುಪಾಸಿನಲ್ಲಿ ಎಲೆಕ್ಟ್ರಾನುಗಳು ಪರದೆಗೆ ಬಡಿಯುತ್ತವೆ. ಆಗ ಹುಟ್ಟುವ ಎಕ್ಸ್-ರೇ ನೋಡುವವರಿಗೆ ತಾಗದಿರಲೆಂದು ಗಾಜಿಗೆ ಸೀಸ ಬೆರೆಸುತ್ತಿದ್ದರು. ಲಾಳಿಕೆಯ ಗಾಜಿನಲ್ಲಿ ಸುಮಾರು ಐದನೇ ಒಂದು ಪಾಲು ಸೀಸದ ಆಕ್ಸೈಡ್. ದೊಡ್ಡ ಟ್ಯೂಬಿನಲ್ಲಿ ಒಂದು ಕಿಲೋ ಮೀರಿ ಸೀಸ ಇರುತ್ತದೆ. ಪರದೆಯ ಒಳಮೈಗೆ ಬಳಿದ ಪುಡಿ ಬೇರೆ, ಹಳೆಯ ಟ್ಯೂಬಾದರೆ ಅದರಲ್ಲಿ ಕ್ಯಾಡ್ಮಿಯಂ ಕೂಡ ಇರಬಹುದು. ಹಾಗೆಂದು ಗಾಬರಿಯಾಗಿ ರಾತ್ರೋರಾತ್ರಿ ಟಿವಿಯನ್ನು ಮನೆಯಿಂದಾಚೆ ಹಾಕಬೇಕಿಲ್ಲ. ಟ್ಯೂಬ್ ಇಡಿಯಾಗಿ ಇರುವವರೆಗೆ ಆ ಸೀಸ ಗಾಜಿನೊಳಗೇ ಇರುತ್ತದೆ, ಅಟ್ಟದ ಮೇಲಿದ್ದರೆ ಯಾರಿಗೂ ತೊಂದರೆಯಿಲ್ಲ. ಒಡೆದಾಗ ಏಳುವ ದೂಳು, ಚೂರು ಮಣ್ಣಿಗೆ ನೀರಿಗೆ ಸೇರಿ ವರ್ಷಗಟ್ಟಲೆ ಬಿಡುವ ಸೀಸ, ಇವು ಅಪಾಯ. ಮಕ್ಕಳ ಮಟ್ಟಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈಗ ಗುಜರಿಯ ಲೆಕ್ಕಕ್ಕೆ ಬರೋಣ. ಸೊಲ್ಲಾಪುರದಲ್ಲಿ ಭಂಗಾರ್, ಕಾಸರಗೋಡಿನಲ್ಲಿ ಆಕ್ರಿ, ಹೊಸೂರಿನಲ್ಲಿ ಕಾಯಲಾನ್ ಕಡೆ. ಹೆಸರು ಏನಾದರೂ ತಕ್ಕಡಿ ಒಂದೇ. ಟಿವಿಯಲ್ಲಿ ಅವರಿಗೆ ಬೇಕಾದದ್ದು ಟ್ಯೂಬಿನ ಕತ್ತಿಗೆ ಸುತ್ತಿದ ತಾಮ್ರದ ಕಾಯಿಲ್, ಸರ್ಕ್ಯೂಟ್ ಬೋರ್ಡು, ಒಂದಿಷ್ಟು ಕಬ್ಬಿಣ, ಪ್ಲಾಸ್ಟಿಕ್. ಕಾಯಿಲ್ ಬೇಗ ಕೈಗೆ ಬರಬೇಕಾದರೆ ಸುತ್ತಿಗೆಯಿಂದ ಕತ್ತು ಮುರಿಯುವುದೇ ಸುಲಭ. ಉಳಿದ ಗಾಜಿಗೆ ಬೆಲೆಯಿಲ್ಲ, ಹಳ್ಳದ ಬದಿಗೋ ಕೆರೆ ಏರಿಯ ಕೆಳಕ್ಕೋ ಹೋಗುತ್ತದೆ. ಇದನ್ನು ಆ ಜನರ ಮೇಲಿನ ದೂರಾಗಿ ಬರೆಯುತ್ತಿಲ್ಲ. ಊರಿನ ರದ್ದಿ, ಕಬ್ಬಿಣ, ಬಾಟಲಿ ಇವತ್ತಿಗೂ ಮರುಬಳಕೆಯಾಗುತ್ತಿದ್ದರೆ ಅದು ಅವರಿಂದ. ಅಂಗಡಿಯ ಹಿಂದೆಯೇ ಸಂಸಾರ ಇರುವುದರಿಂದ ಆ ದೂಳನ್ನು ಮೊದಲು ಉಸಿರಾಡುವವರೂ ಅವರ ಮಕ್ಕಳೇ.

ಮೊದಲು ಹೀಗಿರಲಿಲ್ಲ. ಹಳೆಯ ಟ್ಯೂಬಿನ ಗಾಜನ್ನು ಕರಗಿಸಿ ಹೊಸ ಟ್ಯೂಬು ಮಾಡುತ್ತಿದ್ದರು. ಗುಜರಾತಿನ ಭರೂಚ್‌ನಲ್ಲಿದ್ದ ವಿಡಿಯೋಕಾನ್ ಗಾಜಿನ ಕಾರ್ಖಾನೆಗೆ ಅಮೆರಿಕದಿಂದಲೂ ಸೀಸದ ಗಾಜು ಹಡಗಿನಲ್ಲಿ ಬರುತ್ತಿತ್ತು. ತೆಳು ಟಿವಿ ಬಂದು ಟ್ಯೂಬಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಗಾಜು ಕೇಳುವವರೇ ಇಲ್ಲವಾದರು. ಈಗ ಸರಿಯಾಗಿ ಕೆಲಸ ಮಾಡುವ ಘಟಕ ಪರದೆಯ ಗಾಜು, ಲಾಳಿಕೆಯ ಗಾಜು ಎರಡನ್ನೂ ಬೇರೆ ಮಾಡಬೇಕು, ಒಳಗಿನ ಪುಡಿಯನ್ನು ಹೀರಿ ತೆಗೆಯಬೇಕು, ಸೀಸದ ಗಾಜನ್ನು ಸೀಸ ಕರಗಿಸುವ ಕಡೆಗೋ ಅಪಾಯಕಾರಿ ತ್ಯಾಜ್ಯದ ಸುರಕ್ಷಿತ ಗುಂಡಿಗೋ ಸಾಗಿಸಬೇಕು. ಇದೆಲ್ಲ ಬರೀ ಖರ್ಚು.

ಈ ಖರ್ಚನ್ನು ಯಾರು ಹೊರಬೇಕು? 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ನಿಯಮಗಳ ಪ್ರಕಾರ ತಯಾರಕರು. ಅವರು ನೋಂದಾಯಿತ ಸಂಸ್ಕರಣಾ ಘಟಕಗಳಿಂದ ಪ್ರಮಾಣಪತ್ರ ಕೊಳ್ಳಬೇಕು, 2025-26ರಿಂದ ಗುರಿ ಶೇ. 70. ಕೇಳಲು ಚೆನ್ನಾಗಿದೆ. ಆದರೆ ಆ ಪ್ರಮಾಣಪತ್ರ ಸಿಗುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಷ್ಟು ಹಿಂಪಡೆದರು ಎಂಬ ಲೆಕ್ಕದ ಮೇಲೆ. ಸೀಸದ ಗಾಜಿಗೆ ಅದರಲ್ಲಿ ಜಾಗವಿಲ್ಲ. ಗುಜರಿಯ ತಕ್ಕಡಿಯಲ್ಲಿ ಬೆಲೆಯಿಲ್ಲದ ವಸ್ತುವಿಗೆ ಸರ್ಕಾರದ ತಕ್ಕಡಿಯಲ್ಲೂ ಬೆಲೆಯಿಲ್ಲ ಎಂದಾಯಿತು. ಇನ್ನೊಂದು ವಿಷಯ. ಗುರಿ ಹಾಕುವುದು ಟಿವಿಯ ಆಯುಷ್ಯವನ್ನು ಹತ್ತು ವರ್ಷದೊಳಗೆ ಹಿಡಿದು, ಅಷ್ಟು ವರ್ಷದ ಹಿಂದೆ ಎಷ್ಟು ಮಾರಿದ್ದರು ಎಂದು ನೋಡಿ. 2006-2011ರಲ್ಲಿ ಹಂಚಿದ ಟಿವಿ ಆ ಲೆಕ್ಕದ ಆಚೆಗೆ ಎಂದೋ ಹೋಗಿದೆ. ನಮ್ಮ ಜನ ಟಿವಿಯನ್ನು ಹದಿನೈದು ಇಪ್ಪತ್ತು ವರ್ಷ ಜೋಪಾನ ಮಾಡುತ್ತಾರೆ, ಕೆಟ್ಟರೂ ಅಟ್ಟಕ್ಕೆ ಹಾಕುತ್ತಾರೆಯೇ ಹೊರತು ಬಿಸಾಡುವುದಿಲ್ಲ ಎಂಬುದು ನಿಯಮ ಬರೆದವರಿಗೆ ಹೊಳೆದಂತಿಲ್ಲ.

ಶಾಲೆ, ಕಚೇರಿಗಳದ್ದು ಇನ್ನೊಂದು ಕಥೆ. ಗುಮಾಸ್ತನಾಗಿ ಡೆಡ್ ಸ್ಟಾಕ್ ರಿಜಿಸ್ಟರ್ ಬರೆದವನು ನಾನು, ಪದ್ಧತಿ ಗೊತ್ತು. ಸಾಮಾನು ನಿರುಪಯುಕ್ತ ಎಂದು ಷರಾ ಬೀಳುತ್ತದೆ, ಹರಾಜು ಕರೆಯುತ್ತಾರೆ, ಹೆಚ್ಚು ಕೂಗಿದವನಿಗೆ ಕೊಡುತ್ತಾರೆ. ಆಡಿಟ್‌ನವರಿಗೆ ಅಷ್ಟು ಸಾಕು. ಆದರೆ ಹಳೆಯ ಕಂಪ್ಯೂಟರ್ ಮಾನಿಟರುಗಳ ಹರಾಜಿನಲ್ಲಿ ಹೆಚ್ಚು ಕೂಗಲು ಯಾರಿಗೆ ಸಾಧ್ಯ? ಗಾಜಿನ ಖರ್ಚು ಹೊರುವವನು ಕಡಿಮೆ ಕೂಗುತ್ತಾನೆ, ಗಾಜನ್ನು ಹಳ್ಳಕ್ಕೆ ಸುರಿಯುವವನು ನೂರಿನ್ನೂರು ಜಾಸ್ತಿ ಕೂಗಬಲ್ಲ. ನಿಯಮ ಚಾಚೂ ತಪ್ಪದೆ ಪಾಲಿಸಿದರೂ ಸಾಮಾನು ಹೋಗುವುದು ತಪ್ಪು ಕೈಗೇ. ನಮ್ಮ ಗಡಿ ಕನ್ನಡ ಶಾಲೆಗಳ ಕೋಣೆಗಳಲ್ಲಿ ಇಂಥ ಮಾನಿಟರುಗಳು ಬಿದ್ದಿದ್ದರೆ, ಶಾಲಾ ಸಮಿತಿಯಲ್ಲಿರುವ ಸದಸ್ಯರು ಹರಾಜಿಗೆ ಮುಂಚೆಯೇ "ನೋಂದಾಯಿತ ಘಟಕಕ್ಕೆ ಮಾತ್ರ" ಎಂಬ ಷರತ್ತು ಹಾಕಿಸಬೇಕು. ಸಾವಿರ ಉಪಕರಣಗಳಿಗಿಂತ ಕಡಿಮೆ ಇರುವ ಸಂಸ್ಥೆಯನ್ನು ನಿಯಮ ದೊಡ್ಡ ಬಳಕೆದಾರ ಎಂದು ಪರಿಗಣಿಸುವುದಿಲ್ಲ, ಹಾಗಾಗಿ ತಾನಾಗಿಯೇ ಯಾರೂ ಕೇಳಿಕೊಂಡು ಬರುವುದಿಲ್ಲ.

ಹಾಗಾದರೆ ಮನೆಯವರು ಯಾರಿಗೆ ಕೊಡಬೇಕು? ಕಾಸರಗೋಡು, ವಯನಾಡಿನವರಿಗೆ ದಾರಿ ಸ್ವಲ್ಪ ಸಲೀಸು. ಕೇರಳದಲ್ಲಿ ಹರಿತ ಕರ್ಮ ಸೇನೆಯ ಮೂಲಕ ಇ-ತ್ಯಾಜ್ಯ ಸಂಗ್ರಹ ನಡೆಯುತ್ತಿದೆ, ಅದನ್ನು ಮುಂದಕ್ಕೆ ಸಾಗಿಸುವುದು ಕ್ಲೀನ್ ಕೇರಳ ಕಂಪನಿ. ಮನೆಗೆ ಬರುವ ಆ ಹೆಣ್ಣುಮಕ್ಕಳನ್ನೇ ಕೇಳಿ. ಹೊಸೂರಿನವರಿಗೆ ಬೆಂಗಳೂರು ಹತ್ತಿರ. ಬೆಂಗಳೂರಿನ ಆಚೆಗೆ ದಾಬಸ್‌ಪೇಟೆಯಲ್ಲಿ 2005ರಲ್ಲೇ ಅಧಿಕೃತ ಘಟಕ ಆರಂಭವಾಗಿತ್ತು. ಘಟಕಗಳ ನೋಂದಣಿ ಈಗ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ದೇಶಕ್ಕೆಲ್ಲ ಒಂದೇ ಕಡೆ ಆಗುವುದರಿಂದ ಪಕ್ಕದ ರಾಜ್ಯದ ಘಟಕವನ್ನೂ ಅಲ್ಲಿ ಹುಡುಕಬಹುದು. ಫೋನ್ ಮಾಡಿದಾಗ ಮೂರು ಮಾತು ಕೇಳಿ: ಪಿಕ್ಚರ್ ಟ್ಯೂಬ್ ತೆಗೆದುಕೊಳ್ಳುತ್ತೀರಾ, ಗಾಜು ಎಲ್ಲಿಗೆ ಹೋಗುತ್ತದೆ, ತೂಕ ಬರೆದ ರಸೀದಿ ಕೊಡುತ್ತೀರಾ.

ಉಳಿದ ಕಡೆಯವರು ಪುರಸಭೆಗೋ ಗ್ರಾಮ ಪಂಚಾಯಿತಿಗೋ ಅರ್ಜಿ ಕೊಡಬೇಕು. 2022ರ ನಿಯಮಗಳ 5ನೇ ಅನುಸೂಚಿಯಲ್ಲಿ ಇ-ತ್ಯಾಜ್ಯ ಸಂಗ್ರಹಕ್ಕೆ ವ್ಯವಸ್ಥೆಯಾಗಲು ನೆರವಾಗುವುದು ಅವರ ಕರ್ತವ್ಯವೆಂದಿದೆ. ಕಂಪನಿ ಮುಚ್ಚಿಹೋದ ಅಥವಾ ಹೆಸರಿಲ್ಲದ ಅಸೆಂಬಲ್ಡ್ ಸೆಟ್ಟುಗಳನ್ನು, ಅಂದರೆ ನಿಯಮದ ಮಾತಿನಲ್ಲಿ ಅನಾಥ ಸಾಮಾನನ್ನು, ಸಂಗ್ರಹಿಸಿ ನೋಂದಾಯಿತ ಘಟಕಕ್ಕೆ ಮುಟ್ಟಿಸುವುದೂ ಅವರದೇ ಕೆಲಸ. ಅರ್ಜಿಯಲ್ಲಿ ಅನುಸೂಚಿಯ ಸಂಖ್ಯೆ ಬರೆಯಿರಿ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಬನ್ನಿ. ಬಾಯಿಮಾತಿಗೆ ಕಚೇರಿಯಲ್ಲಿ ಫೈಲು ಹುಟ್ಟುವುದಿಲ್ಲ. ಕುಂದುಕೊರತೆಯ ಮನವಿಯನ್ನು ನಮ್ಮ ಭಾಷೆಯಲ್ಲಿ ಕೊಡಲು ಸಂವಿಧಾನದ 350ನೇ ವಿಧಿ ಇದೆ, ಕನ್ನಡದಲ್ಲೇ ಬರೆಯಿರಿ. ಜೊತೆಗೆ ಆ ರಾಜ್ಯದ ಭಾಷೆಯಲ್ಲೂ ಒಂದು ಪ್ರತಿ ಲಗತ್ತಿಸಿದರೆ ಕೆಲಸ ಬೇಗ ಆಗುತ್ತದೆ, ಇದು ಅನುಭವದ ಮಾತು.

ಅಲ್ಲಿಯವರೆಗೆ ಟಿವಿಯ ಹಿಂದಿನ ಮುಚ್ಚಳ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಕರೆಂಟು ಉಳಿದು ಹೊಡೆಯಬಹುದು. ಹೊರುವಾಗ ಪರದೆಯ ಭಾಗ ಎದೆಯ ಕಡೆಗಿರಲಿ, ಭಾರ ಇರುವುದು ಅಲ್ಲೇ. ಬಿದ್ದರೆ ಟ್ಯೂಬ್ ಒಳಕ್ಕೆ ಕುಸಿದು ಚೂರುಗಳು ಸಿಡಿಯುತ್ತವೆ. ಅಕಸ್ಮಾತ್ ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ ಕಿಟಕಿ ತೆರೆಯಿರಿ. ಒಣ ಪೊರಕೆ ಹಾಕಬೇಡಿ, ಕೈಗವಸು ಹಾಕಿಕೊಂಡು ಒದ್ದೆ ಕಾಗದದಿಂದ ಬಳಿದು ಗಟ್ಟಿ ಡಬ್ಬದಲ್ಲಿ ಮುಚ್ಚಿಡಿ.

ಸಂಘದ ಕಟ್ಟಡದಲ್ಲೇ ಒಂದು ದಿನ ಸಂಗ್ರಹ ಮಾಡೋಣ ಎಂದು ಕೆಲವು ಯುವ ಸದಸ್ಯರು ಸೂಚಿಸಿದ್ದಾರೆ. ಉತ್ಸಾಹ ಮೆಚ್ಚತಕ್ಕದ್ದು. ಆದರೆ ಕೊಂಡೊಯ್ಯುವ ಘಟಕ ಬರಹದಲ್ಲಿ ಒಪ್ಪಿ, ಲಾರಿಯ ದಿನಾಂಕ ಗೊತ್ತಾಗುವ ಮುಂಚೆ ಒಂದು ಟಿವಿಯನ್ನೂ ಒಳಗೆ ಬಿಟ್ಟುಕೊಳ್ಳಬಾರದು ಎಂದು ಕಾರ್ಯಕಾರಿ ಸಮಿತಿಯ ಮುಂದೆ ಹೇಳುವವನಿದ್ದೇನೆ. ಇಲ್ಲದಿದ್ದರೆ ಗ್ರಂಥಾಲಯದ ಕೋಣೆ ಟಿವಿ ಗೋದಾಮಾಗುತ್ತದೆ. ಒಂದು ಲಾರಿಗೆ ಸಾಕಾಗುವಷ್ಟು ಇದೆಯೆಂದು ತೋರಿಸಿದರೆ ಘಟಕದವರೂ ಬರಲು ಮನಸ್ಸು ಮಾಡುತ್ತಾರೆ. ಆದ್ದರಿಂದ ಪ್ರತಿ ಊರಿನ ಪ್ರತಿನಿಧಿಗಳು ತಮ್ಮ ಸದಸ್ಯರ ಮನೆಗಳಲ್ಲಿ, ಶಾಲೆಗಳಲ್ಲಿ ಎಷ್ಟು ಟಿವಿ, ಎಷ್ಟು ಮಾನಿಟರ್, ಯಾವ ಕಂಪನಿ, ಎಷ್ಟು ಇಂಚು, ಟ್ಯೂಬ್ ಇಡಿಯಾಗಿದೆಯೇ ಒಡೆದಿದೆಯೇ ಎಂದು ಬರೆದು ಸಮಿತಿಯ ಸಭೆಗೆ ಮುಂಚೆ ನನಗೆ ತಲುಪಿಸಬೇಕಾಗಿ ಕೋರುತ್ತೇನೆ. ಸದ್ಯಕ್ಕೆ ಪಟ್ಟಿ ಮಾತ್ರ ಸಾಕು, ಟಿವಿ ತರಬೇಡಿ.

ಕಾರ್ಯದರ್ಶಿ